ಮಾತಾಡಿಸಲು ಹೋಗದ ಮನೆ

ನಮ್ಮ ಮನೆಯಲ್ಲಿ ಮೋಟಾರ್ ಸೈಕಲ್ಲಿಗೆ ವಿಮೆ ಇತ್ತು, ನನ್ನವರ ಜೀವಕ್ಕೆ ವಿಮೆ ಇತ್ತು. ಇನ್ನು ಅವರ ಡಾಕ್ಟರಿಕೆಗೂ ಒಂದು ವಿಮೆ ಬೇಕೆಂದು ರಾಣೇಬೆನ್ನೂರಿನಲ್ಲಿ ಡಾಕ್ಟರುಗಳ ಸಭೆಗೆ ಹೋದವರು ಕೇಳಿಕೊಂಡು ಬಂದಾಗ ನಾನು ನಕ್ಕುಬಿಟ್ಟೆ. ಓದಿದ ವಿದ್ಯೆಯೇನು ಗಾಡಿಯೇ, ಎಲ್ಲಾದರೂ ಹೋಗಿ ಗುದ್ದಲು? ಅವರು ಚಹಾ ಕುಡಿಯುತ್ತ ತಿಳಿಸಿ ಹೇಳಿದರು. ಅದರ ಹೆಸರು ಪ್ರೊಫೆಷನಲ್ ಇಂಡೆಮ್ನಿಟಿ. ಡಾಕ್ಟರ ಕೈಯಿಂದ ತಪ್ಪಾಯಿತೆಂದು ಯಾರಾದರೂ ದಾವೆ ಹೂಡಿದರೆ ವಕೀಲರ ಖರ್ಚು ಕಂಪನಿಯದು, ಪರಿಹಾರ ಕೊಡಬೇಕಾಗಿ ಬಂದರೆ ಪಾಲಿಸಿಯ ಮಿತಿಯೊಳಗೆ ಅದೂ ಕಂಪನಿಯದು. ಎಂಜಿನಿಯರರು, ಆಡಿಟರುಗಳು, ಸ್ವತಃ ವಕೀಲರು ಕೂಡ ಮಾಡಿಸುತ್ತಾರಂತೆ. ವರ್ಷಾ ವರ್ಷಾ ತಪ್ಪದೆ ನವೀಕರಿಸಬೇಕು. ದೂರು ಬಂದಾಗ ಪಾಲಿಸಿ ಚಾಲ್ತಿಯಲ್ಲಿ ಇರದಿದ್ದರೆ ಹಿಂದೆ ಕಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬ್ಯಾಡಗಿಯಲ್ಲಿ ನಿಮ್ಮ ಮೇಲೆ ಯಾರು ದಾವೆ ಹಾಕುತ್ತಾರೆ, ದಾವೆಗೆ ಹೋದವರಿಗೆ ನೆಗಡಿ ಬಂದರೆ ಮತ್ತೆ ನಿಮ್ಮ ಹತ್ತಿರವೇ ಬರಬೇಕಲ್ಲ ಎಂದು ಕೆಣಕಿದೆ. ಅವರೂ ನಕ್ಕರು. ಆದರೆ ಪಾಲಿಸಿ ಮಾಡಿಸಿದರು.

ಮೆಣಸಿನಕಾಯಿ ಹಂಗಾಮಿನಲ್ಲಿ ಇಡೀ ಬ್ಯಾಡಗಿ ಸೀನುತ್ತದೆ, ನಮ್ಮ ದವಾಖಾನೆ ತುಂಬುತ್ತದೆ. ದವಾಖಾನೆಯ ಹಿಂದಿನ ಓಣಿಯಲ್ಲಿ ಕಿರಾಣಿ ಅಂಗಡಿಯ ಕಾಕಾ ಮತ್ತು ಅವನ ಹೆಂಡತಿ ಕಾಕು ಇದ್ದರು. ರಕ್ತಸಂಬಂಧವೇನಿಲ್ಲ. ನನ್ನ ಬಾಣಂತನಕ್ಕೆ ತವರಿನಿಂದ ಬರುವವರು ಯಾರೂ ಇರಲಿಲ್ಲ. ಕಾಕು ತಾನಾಗಿಯೇ ಬಂದು ನನ್ನ ಕೂಸನ್ನು ಕಾಲ ಮೇಲೆ ಹಾಕಿಕೊಂಡು ದಿನಾ ನೀರೆರೆದಳು. ನನ್ನವರನ್ನು ಡಾಕ್ಟರಪ್ಪ ಎನ್ನುತ್ತಿದ್ದಳು. ಅವರು ಗುಳಿಗೆ ಬರೆದುಕೊಟ್ಟರೆ ಆಕೆಗೆ ಸಮಾಧಾನವಿಲ್ಲ. ಸೂಜಿ ಮಾಡದ ಡಾಕ್ಟರು ಎಂಥ ಡಾಕ್ಟರು ಎಂದು ಸರತಿಯಲ್ಲಿ ಕುಳಿತವರಿಗೆಲ್ಲ ಕೇಳುವಂತೆ ಹೇಳಿ ನಗಿಸುತ್ತಿದ್ದಳು.

ಆ ಬೆಳಿಗ್ಗೆ ಅವಳ ಕಾಲಿನ ಗಾಯ ಕೀವಾಗಿ ಜ್ವರ ಬಂದಿತ್ತು. ನನ್ನವರು ಔಷಧ ಒಗ್ಗುತ್ತದೋ ಇಲ್ಲವೋ ನೋಡಲು ಮುಂಗೈ ಚರ್ಮದಡಿ ಸ್ವಲ್ಪ ಚುಚ್ಚಿ, ಕಾದು, ಬಾವು ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡೇ ಸೂಜಿ ಕೊಟ್ಟರು. ನಾನು ಅಲ್ಲೇ ಇದ್ದೆ. ಕಾಕು ಸೆರಗು ಸರಿಮಾಡಿಕೊಂಡು ಎದ್ದವಳು ಎದೆ ಬಿಗಿಯುತ್ತದೆ ಎಂದಳು, ಮತ್ತೆ ಕುಳಿತಳು. ಅವರು ಕೈಲಾದ ಔಷಧಿಯನ್ನೆಲ್ಲ ಕೊಟ್ಟರು. ಸಿಕ್ಕ ಜೀಪಿನಲ್ಲಿ ಮಲಗಿಸಿಕೊಂಡು ತಾವೇ ಹಾವೇರಿಗೆ ಹೊರಟರು. ಮೋಟೆಬೆನ್ನೂರು ದಾಟುವಷ್ಟರಲ್ಲಿ ಹಿಡಿದ ಕೈ ತಣ್ಣಗಾಗಿತ್ತಂತೆ.

ಇಂಥದ್ದು ನಡೆದರೆ ಕೂಡಲೇ ಕಂಪನಿಗೆ ತಿಳಿಸಬೇಕೆಂಬುದು ಪಾಲಿಸಿಯ ಶರತ್ತು. ತಿಳಿಸಿದರು. ಕಂಪನಿ ರಾಣೇಬೆನ್ನೂರಿನ ಒಬ್ಬ ವಕೀಲರನ್ನು ಗೊತ್ತು ಮಾಡಿತು. ಅವರು ಫೋನಿನಲ್ಲಿ ಹೇಳಿದ್ದು ಇಷ್ಟು: ಯಾರ ಮುಂದೆಯೂ ಬಾಯಿ ಬಿಡಬೇಡಿ, ಆ ಮನೆಯ ಕಡೆ ತಲೆ ಹಾಕಬೇಡಿ, ನೀವು ಹೋಗಿ ಒಂದು ಹನಿ ಕಣ್ಣೀರು ಹಾಕಿದರೂ ನಾಳೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು ಎಂದು ಹೇಳುತ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆಯನ್ನೂ ಹಚ್ಚಿದರು. ಬಂಗಾರವಂತೆ. ಇಂದಿಗೂ ಆ ಗಾದೆ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ.

ನಮ್ಮ ಕಡೆ ಸಾವಾದ ಮನೆಗೆ ಮಾತಾಡಿಸಲು ಹೋಗದವರಿಲ್ಲ. ಬದುಕಿದ್ದಾಗ ಮಾತು ಬಿಟ್ಟವರೂ ಹೋಗಿ ಪಡಸಾಲೆಯಲ್ಲಿ ಸುಮ್ಮನೆ ಕುಳಿತು ಬರುತ್ತಾರೆ. ಅಲ್ಲಿ ಒಲೆ ಹೊತ್ತಿಸುವುದಿಲ್ಲ. ಬಳಗದವರು, ನೆರೆಯವರು ರೊಟ್ಟಿ ಪಲ್ಯ ಕಟ್ಟಿಕೊಂಡು ಹೋಗುತ್ತಾರೆ. ನಾನೂ ಅಳುತ್ತಲೇ ಬುಟ್ಟಿ ತುಂಬ ರೊಟ್ಟಿ ಬಡಿದೆ. ಚಪ್ಪಲಿ ಮೆಟ್ಟಿದಾಗ ನನ್ನವರು ಬಾಗಿಲಿಗೆ ಅಡ್ಡ ಬಂದರು.

“ನೀ ಹೋದ್ರ ನಾನ ಹೋದಂಗ. ವಕೀಲ್ರು ಬ್ಯಾಡ ಅಂದಾರ.”

“ನಿಮ್ಮ ವಕೀಲ್ರ ಕೂಸಿಗೆ ಕಾಕು ಎರದಿಲ್ರಿ,” ಎಂದೆ.

ಅವರು ಹೊಸ್ತಿಲ ಮೇಲೆ ಕುಸಿದು ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರನ್ನು ದಾಟಿ ಹೋಗಲು ನನ್ನಿಂದ ಆಗಲಿಲ್ಲ. ಓಣಿಯಿಂದ ಅಳುವುದು ಕೇಳುತ್ತಿತ್ತು. ಮಣ್ಣು ಕೊಡಲು ಊರೆಲ್ಲ ಹೋಯಿತು, ನಾವು ಹೋಗಲಿಲ್ಲ. ಆ ರೊಟ್ಟಿಯನ್ನು ಆಕಳಿಗೆ ಹಾಕಿದೆ.

ಕೆಲವು ತಿಂಗಳಾದ ಮೇಲೆ ಹಾವೇರಿಯ ಗ್ರಾಹಕರ ವೇದಿಕೆಯಿಂದ ನೋಟಿಸು ಬಂತು. ಕಾಕಾ ದೂರು ಕೊಟ್ಟಿದ್ದ. ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂದು ವಕೀಲರಿಗೆ ಎಲ್ಲಿಲ್ಲದ ಹುರುಪು. ಎರಡು ವರ್ಷಕ್ಕೂ ಹೆಚ್ಚು ಕಾಲ ಓಡಾಡಿದೆವು. ಅಲ್ಲಿ ಕಾಕಾ ಒಂದು ಬೆಂಚಿನಲ್ಲಿ, ನಾವು ಇನ್ನೊಂದರಲ್ಲಿ ಕುಳಿತಿರುತ್ತಿದ್ದೆವು. ನನ್ನ ಮಗ ತಿಳಿಯದೆ ಒಮ್ಮೆ ಅಜ್ಜಾ ಎಂದು ಅವನ ಕಡೆ ಓಡಿದ. ಕಾಕಾ ಅವನ ತಲೆ ಸವರಿ, ನಮ್ಮ ಕಡೆ ತಿರುಗಿಸಿ ಕಳಿಸಿದ.

ಕೊನೆಗೆ ನನ್ನವರು ಮಾಡಬೇಕಾದ ಪರೀಕ್ಷೆಯನ್ನೆಲ್ಲ ಮಾಡಿದ್ದರು, ಅಜಾಗರೂಕತೆ ಕಾಣುವುದಿಲ್ಲ ಎಂದು ದೂರು ವಜಾ ಆಯಿತು. ಕಂಪನಿಯ ಅಧಿಕಾರಿಯೂ ಬಂದಿದ್ದರು. ನನಗೆ ತಡೆಯಲಾಗಲಿಲ್ಲ. ಸತ್ತವರ ಮನೆಗೆ ಹೋಗದಂತೆ ಮಾಡುವುದೂ ನಿಮ್ಮ ವಿಮೆಯೇ ಎಂದು ಕೇಳಿಯೇಬಿಟ್ಟೆ. ಅವರು ಪಾಪ, ತಬ್ಬಿಬ್ಬಾದರು.

“ನಮ್ಮನ್ನ ಕೇಳದ ತಪ್ಪು ಒಪ್ಪಕೋಬ್ಯಾಡ್ರಿ, ರೊಕ್ಕದ ಮಾತು ಕೊಡಬ್ಯಾಡ್ರಿ, ಅಷ್ಟ ಇರೂದ್ರಿ ಅಕ್ಕಾರ. ಮಣ್ಣಿಗೆ ಹೋಗಬ್ಯಾಡ್ರಿ ಅಂತ ನಾವ್ಯಾಕ ಅನ್ನೋಣು?”

ವಕೀಲರು ಫೈಲಿನೊಳಗೆ ಏನನ್ನೋ ಹುಡುಕತೊಡಗಿದರು. ನನ್ನವರು ಯಾರ ಕಡೆಗೂ ನೋಡದೆ ಹೊರಗೆ ನಡೆದರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಅನ್ನುತ್ತಿದ್ದುದನ್ನು ನಾನು ಬರೀ ಬಾಯಿಮಾತಾಗಿ ಕೇಳಿದ್ದೆ. ಅಂದು ಕಣ್ಣಾರೆ ಕಂಡೆ.

ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಬ್ಯಾಡಗಿಯ ಬಸ್ಸಿಗೆ ಕಾಯುತ್ತ ನಿಂತಿದ್ದ. ಮೊದಲಿಗಿಂತ ಬಹಳ ಬಡವಾಗಿದ್ದ. ನನ್ನವರು ನೇರ ಹೋಗಿ ಅವನ ಎದುರು ನಿಂತರು. ಕೇಸು ಮುಗಿದಿತ್ತು, ಇನ್ನು ಬಾಯಿಗೆ ಯಾರ ಬೀಗವೂ ಇರಲಿಲ್ಲ. ಆದರೂ ಅವರ ಬಾಯಿಂದ “ಕಾಕಾ” ಎಂಬುದೊಂದೇ ಹೊರಟಿತು. ಕಾಕಾ ನನ್ನವರನ್ನು ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ನೀವು ಬರ್ತೀರಂತ ಹಾದಿ ನೋಡಿದ್ವಿ, ಡಾಕ್ಟರಪ್ಪ. ಡಾಕ್ಟರ್ರು ಬರಲಿ ತಡೀರಿ ಅಂತ ಹೇಳಿ ಹೆಣಾ ಎತ್ತಾಕ ತಡಾ ಮಾಡಿಸಿದೆ. ದಿವಸದ ಊಟಾ ಮುಗಿಯೂತನ ನೋಡಿದ್ವಿ. ಬರಲಿಲ್ಲ. ಬರಲಿಲ್ಲಂದ ಮ್ಯಾಲೆ, ತಪ್ಪು ಮಾಡಿರಬೇಕು ಅಂತ ತಿಳಕೊಂಡ್ವಿ.”

ಬಸ್ಸು ಬಂತು. ಕಾಕಾ ಹತ್ತಿ ಕಿಟಕಿಯ ಪಕ್ಕ ಕುಳಿತ. ನಾವೂ ಅದೇ ಬಸ್ಸಿಗೆ, ಅದೇ ಊರಿಗೆ ಹೋಗಬೇಕಾದವರು. ಹತ್ತಲಿಲ್ಲ.