ಚೀಲಕ್ಕೊಂದು ಹೆಸರು

ನೋರೀನ್ ಟೋಲಂಡಳ ಬಾಯಿಯ ಬಗ್ಗೆ ಡೆರಿ ಊರಿನ ಕ್ರೆಗನ್ ಗುಡ್ಡದ ಮೇಲೆ ಯಾರನ್ನು ಕೇಳಿದರೂ ಒಂದು ಕಥೆ ಸಿಗುತ್ತದೆ. ಇನ್ನೂ ಹುಡುಗಿಯಾಗಿದ್ದಾಗಲೇ ಅಂಗಿ ಕಾರ್ಖಾನೆಗೆ ಸೇರಿದವಳು ಅವಳು. ಕಾಲರ್ ಹೊಲಿಯುವ ಸಾಲಿನಲ್ಲಿ ಮಷೀನುಗಳ ಗದ್ದಲಕ್ಕೆ ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸುತ್ತಿರಲಿಲ್ಲ. ನೋರೀನಳ ಮಾತು ಮಾತ್ರ ಮೇಲಿನ ಮಹಡಿಗೂ ಕೇಳಿಸುತ್ತಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ದನಿ ಮಾತ್ರ ಇಳಿಯಲಿಲ್ಲ. ಗಂಡ ಹ್ಯೂಯಿ ಪಾಪ, ಮಾತು ಕಡಿಮೆ. ಅವನ ಪಾಲಿನದನ್ನೂ ಇವಳೇ ಆಡಿ ಮುಗಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು "ಎಲ್ಲಿ ನೋಯ್ತಿದೆ ಹ್ಯೂಯಿ?" ಎಂದು ಕೇಳಿದರೆ "ಎಡಗಡೆ ಡಾಕ್ಟ್ರೇ, ಪಕ್ಕೆ ಹತ್ರ" ಎಂದು ಉತ್ತರ ಕೊಟ್ಟವಳು ನೋರೀನ್. ಹ್ಯೂಯಿ ಬಲಗಡೆ ಕೈಯಿಟ್ಟುಕೊಂಡು ಸುಮ್ಮನೆ ನಕ್ಕನಂತೆ. ಒಳ್ಳೆಯ ಮನುಷ್ಯ, ಬೇಗ ಹೋಗಿಬಿಟ್ಟ.

ಅವನು ಹೋದ ಮೇಲೆ ನೋರೀನಳ ಜೀವವೆಲ್ಲ ಮೊಮ್ಮಗಳು ಬ್ರೋನಾಳ ಮೇಲೆ. ಮಗಳು ಉನಾ ಆಸ್ಪತ್ರೆಯಲ್ಲಿ ನರ್ಸು, ಪಾಳಿ ಕೆಲಸ. ಮಗುವನ್ನು ಶಾಲೆಗೆ ಬಿಡುವುದು, ಕರೆತರುವುದು, ಉಣಿಸುವುದು ಎಲ್ಲ ಅಜ್ಜಿಯದೇ. ಬ್ರೋನಾ ಹುಟ್ಟಿದ್ದು ಹ್ಯಾಲೋವೀನಿನ ಹಿಂದಿನ ದಿನ, ಇಡೀ ಊರು ಭೂತಪ್ರೇತಗಳ ವೇಷ ಹಾಕಿಕೊಂಡು ಬೀದಿಯಲ್ಲಿ ಕುಣಿಯುತ್ತಿದ್ದಾಗ. ನೋರೀನ್ ಆಸ್ಪತ್ರೆಗೆ ಓಡಿದ್ದು ಮಾಟಗಾತಿಯ ಟೋಪಿಯಲ್ಲೇ. ಸೂಲಗಿತ್ತಿಯ ತಲೆಯ ಮೇಲೆ ಎರಡು ಕೊಂಬಿದ್ದವು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಅಂಥ ಸಡಗರದಲ್ಲಿ ಹುಟ್ಟಿದ ಮಗು ಸೆಪ್ಟೆಂಬರಿನಲ್ಲಿ ಶಾಲೆಗೆ ಸೇರಿದ್ದೇ ಸೇರಿದ್ದು, ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತು. ಶಾಲೆಯ ಗೇಟು ದಾಟಿದರೆ ಬಾಯಿಗೆ ಹೊಲಿಗೆ. ಟೀಚರ್ ಮಿಸ್ ಲಾಫರ್ಟಿ ಒಂದು ಮಧ್ಯಾಹ್ನ ಗೇಟಿನ ಬಳಿ ಬಗ್ಗಿ ಮಗುವನ್ನೇ ಕೇಳಿದರು:

"ಬ್ರೋನಾ, ಹುಟ್ಟುಹಬ್ಬಕ್ಕೆ ಏನ್ ಮಾಡ್ತೀಯಮ್ಮಾ?"

"ಕೇಕ್ ಮಾಡ್ತೀವಿ ಮಿಸ್, ನಿಂಬೆಹಣ್ಣಿಂದು! ಅವಳಿಗೆ ಚಾಕ್ಲೇಟ್ ಸೇರಲ್ಲ" ಎಂದಳು ನೋರೀನ್.

"ನಾನ್ ಬ್ರೋನಾನ ಕೇಳ್ದೆ ಮಿಸಸ್ ಟೋಲಂಡ್."

"ಅದನ್ನೇ ನಾನೂ ಹೇಳ್ತಿರೋದು, ಬ್ರೋನಾಗೆ ನಿಂಬೆಹಣ್ಣೇ ಇಷ್ಟ!"

ಮಿಸ್ ಲಾಫರ್ಟಿ ನಕ್ಕು ಒಳಗೆ ಹೋದರು. ನೋರೀನ್ ಮಾತ್ರ ಗುಡ್ಡ ಹತ್ತುವಷ್ಟೂ ದಾರಿ ಗೊಣಗಿದಳು. ಸಂಜೆ ತಂಗಿ ಡಿಂಪ್ನಾ ಟೀ ಕುಡಿಯಲು ಬಂದಾಗ ಅವಳ ಮುಂದೆಯೂ ತೋಡಿಕೊಂಡಳು. "ನಾನು ಬಾಯಿ ಹಾಕ್ತೀನಂತೆ ಕಣೇ! ನಾನು!"

"ಮದುವೇಲಿ ಪಾದ್ರಿ ಕೇಳೋಕ್ ಮುಂಚೆನೇ 'ಹೂಂ, ಒಪ್ಗೆ' ಅಂದೋಳು ನೀನು" ಎಂದಳು ಡಿಂಪ್ನಾ. "ಟೀಚರ್ ಯಾಕಪ್ಪಾ ಹಂಗಂದ್ರು ಅಂತ ನಂಗಂತೂ ಗೊತ್ತಾಗ್ತಿಲ್ಲ."

ಉನಾಳಿಗೆ ಇದು ತಮಾಷೆಯಾಗಿರಲಿಲ್ಲ. ಐದು ತುಂಬುತ್ತಿದ್ದ ಮಗಳು ಒಬ್ಬ ಸಹಪಾಠಿಯ ಜೊತೆಗಾದರೂ ಒಂದು ಮಾತಾಡಬಾರದೇ ಎಂದು ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ತರಗತಿಯ ಮಕ್ಕಳನ್ನೆಲ್ಲ ಮನೆಗೇ ಕರೆಯೋಣ, ತನ್ನ ಮನೆಯಲ್ಲಾದರೂ ಬಾಯಿ ಬಿಟ್ಟಾಳು ಎಂದು ಅವಳೇ ನಿರ್ಧರಿಸಿದಳು.

"ಆದ್ರೆ ಅಮ್ಮಾ, ದೆವ್ವಗಿವ್ವ ಏನೂ ಬೇಡ. ಮೊದ್ಲೇ ಹೆದರ್ಕೊಂಡಿರೋ ಮಗು. ಬರೀ ಹುಟ್ಟುಹಬ್ಬ. ಕರೆಯೋ ಕಾರ್ಡ್ ನೀನೇ ಬರ್ದು ಕಳ್ಸು, ಪಾರ್ಟಿ ಚೀಲಾನೂ ನೀನೇ ತಗೊಂಡ್ ಬಾ. ಸಾದಾದು. ತಲೆಬುರುಡೆ ಕಂಡ್ರೆ ಮನೆಯಿಂದ ಆಚೆ ಎಸೀತೀನಿ."

ನೋರೀನ್ ಒಪ್ಪಿಕೊಂಡಳು. ಅಕ್ಟೋಬರ್ ತಿಂಗಳಿಗಾಗಿ ವರ್ಷವಿಡೀ ಕಾಯುವ ಹೆಂಗಸು, ಬೀದಿಯ ಅರ್ಧ ಮಕ್ಕಳ ವೇಷ ಹೊಲಿದುಕೊಡುವವಳು, ಮೊಮ್ಮಗಳಿಗಾಗಿ ನುಂಗಿಕೊಂಡು ಒಪ್ಪಿಕೊಂಡಳು. ಆದರೂ ಪಾರ್ಟಿ ಚೀಲ ಆರಿಸುವ ಕೆಲಸ ತನಗೇ ಬಂತಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಪಾರ್ಟಿ ಮುಗಿಸಿ ಹೊರಡುವ ಮಗುವಿನ ಕೈಗೆ ಬಾಗಿಲಲ್ಲಿ ಕೊಡುವ ಚೀಲವೆಂದರೆ ಸಾಮಾನ್ಯವೇ? ಕೇಕು ಎಲ್ಲರ ಮನೆಯದೂ ಒಂದೇ. ಮರುದಿನ ಮಕ್ಕಳು ಮಾತಾಡಿಕೊಳ್ಳುವುದು ಚೀಲದೊಳಗೆ ಏನಿತ್ತು ಅನ್ನುವುದನ್ನೇ.

ಶನಿವಾರ ಬೆಳಿಗ್ಗೆ ಅಜ್ಜಿ, ಮೊಮ್ಮಗಳು, ಡಿಂಪ್ನಾ ಮೂವರೂ ಪೇಟೆಗೆ ಇಳಿದರು. ಅಂಗಡಿಯೊಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಕಿತ್ತಳೆ ಬಣ್ಣ, ಕಪ್ಪು ಬಣ್ಣ. ಬಾವಲಿ ಚೀಲ, ಜೇಡರಬಲೆ ಚೀಲ, ಹಿಡಿದರೆ ಕಿಸಕ್ಕನೆ ನಗುವ ಮಾಟಗಾತಿ ಚೀಲ! ನೋರೀನಳ ಕೈ ತಡೆಯದಾಯಿತು.

"ಡಿಂಪ್ನಾ, ಡಿಂಪ್ನಾ, ಇಲ್ನೋಡೇ! ಒತ್ತಿದ್ರೆ ಕಣ್ಣುಗುಡ್ಡೆ ಆಚೆ ಬರತ್ತೆ!"

"ಒಳಗ್ ಹಾಕೇ ಅದನ್ನ. ಉನಾ ನಿನ್ ಕಣ್ಣುಗುಡ್ಡೆ ಆಚೆ ತೆಗೀತಾಳೆ."

ನೋರೀನ್ ನಿಟ್ಟುಸಿರಿಟ್ಟು ಅದನ್ನು ವಾಪಸ್ಸು ನೇತುಹಾಕಿದಳು. ತುಂಬಿಸಿಟ್ಟ ಸಿದ್ಧ ಚೀಲಗಳ ರಾಶಿಯೊಂದು ಕಂಡಿತು. ಹೊರಗೆ ಬರೀ ನಕ್ಷತ್ರ, ಒಳಗೆ ಸೀಟಿ, ಗಟ್ಟಿ ಟಾಫಿ, ರಬ್ಬರ್ ಜೇಡ. ಜೇಡ ಒಳಗಿದ್ದರೆ ಉನಾಳಿಗೆ ಕಾಣುವುದಿಲ್ಲವಲ್ಲ ಎಂದು ಲೆಕ್ಕ ಹಾಕಿ ಎರಡೂ ಕೈಯಲ್ಲಿ ಬಾಚಿದಳು. ಆಗ ಬ್ರೋನಾ ಅವಳ ತೋಳು ಜಗ್ಗಿದಳು.

"ಅಜ್ಜಿ, ಇದು ಬೇಡ. ಓರನ್‌ಗೆ ಜೇಡ ಕಂಡ್ರೆ ಭಯ. ಶಾಲೇಲಿ ಒಂದ್ಸಲ ಮೇಜಿನ ಮೇಲೆ ಹತ್ತಿಬಿಟ್ಟಿದ್ದ."

"ಹೌದಾ? ಹಂಗಾದ್ರೆ ಓರನ್ ಚೀಲದಿಂದ ಜೇಡ ತೆಗ್ದುಬಿಡೋಣ."

"ಫಿಯಾಗೆ ಟಾಫಿ ಬೇಡ. ಅವಳ ಹಲ್ಲು ಅಲ್ಲಾಡ್ತಿದೆ, ಒಂದೇ ಕಡೆ ಅಗೀತಾಳೆ. ಕಾಹಿರ್‌ಗೆ ಸೀಟಿ ಬೇಡ, ಸದ್ದಾದ್ರೆ ಅವನು ಕಿವಿ ಮುಚ್ಕೋತಾನೆ. ಅವನು ಯಾವಾಗ್ಲೂ ಮಣ್ಣು ಅಗೆಯೋ ಗಾಡಿ ಬರೀತಿರ್ತಾನೆ. ಏವಾ ಮುಖ ತೊಳ್ಕೊಂಡ್ರೂ ಹುಬ್ಬಲ್ಲಿ ಮಿಂಚು ಇರತ್ತೆ, ಅವಳಿಗೆ ಮಿಂಚಿಂದು ಏನಾದ್ರೂ ಕೊಡು."

ನೋರೀನ್ ಕೈಯಲ್ಲಿದ್ದ ರಾಶಿಯನ್ನು ಅಲ್ಲೇ ಕೆಳಗಿಟ್ಟಳು. ಅಯ್ಯೋ ದೇವರೇ, ಈ ಮಗು ಶಾಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುವುದೇನೋ ಸರಿ, ಕಣ್ಣು ಮುಚ್ಚಿಕೊಂಡು ಕೂತಿಲ್ಲ! ಸಂತೋಷ ಅವಳ ಎದೆಯಲ್ಲಿ ಹಿಡಿಸಲಿಲ್ಲ. ಹಿಡಿಸದಿದ್ದಾಗ ಅವಳು ಮಾಡುವುದನ್ನೇ ಈಗಲೂ ಮಾಡಿದಳು.

"ಕೇಳಿದ್ರಾ!" ಎಂದು ಇಡೀ ಅಂಗಡಿಗೆ ಸಾರಿದಳು. "ನನ್ ಮೊಮ್ಮಗಳು! ಕ್ಲಾಸಿನ ಒಂದೊಂದು ಮಗೂದೂ ಹಣೆಬರಹ ಗೊತ್ತು ಇವಳಿಗೆ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬ್ರೋನಾ ಅಜ್ಜಿಯ ಕೋಟಿನ ಹಿಂದೆ ಸೇರಿಕೊಂಡವಳು ಮತ್ತೆ ಮಾತೇ ಆಡಲಿಲ್ಲ.

"ಆಯ್ತಲ್ಲ? ಸಮಾಧಾನ ಆಯ್ತಾ?" ಎಂದಳು ಡಿಂಪ್ನಾ. "ಮಗು ಈಗ್ತಾನೆ ಅರಳ್ತಿತ್ತು. ನಿನ್ ಬಾಯಿಗಿಷ್ಟು ಬೆಂಕಿ ಹಾಕ."

ನೋರೀನಳ ಮುಖ ಸಣ್ಣದಾಯಿತು. ಮಗುವನ್ನು ಎತ್ತಿಕೊಂಡು ಅಂಗಡಿಯ ಮೂಲೆಗೆ ಹೋಗಿ, ಕಿವಿಯಲ್ಲಿ ಪಿಸುಗುಟ್ಟುತ್ತಾ, ಪುಸಲಾಯಿಸುತ್ತಾ, ಅಂತೂ ಆರಿಸುವ ಕೆಲಸ ಮತ್ತೆ ಶುರುವಾಯಿತು. ಕೆಳಗಿನ ಹಲಗೆಯಲ್ಲಿ, ಬಾವಲಿಗಳ ಹಿಂದೆ, ಹಳದಿ ಕಾಗದದ ಸಾದಾ ಚೀಲಗಳನ್ನು ಬ್ರೋನಾಳೇ ಕಂಡುಹಿಡಿದಳು. ಕಾಹಿರ್‌ಗೆ ಮಣ್ಣು ಅಗೆಯುವ ಪುಟ್ಟ ಗಾಡಿ, ಏವಾಳಿಗೆ ಮಿಂಚುವ ಪೆನ್ಸಿಲ್, ಫಿಯಾಳಿಗೆ ಮೆತ್ತಗಿನ ಮಿಠಾಯಿ. ಓರನ್‌ಗೆ ಹಸಿರು ಡೈನೋಸಾರ್. ಅವನಿಗೆ ಎಂಟು ಕಾಲಿದ್ದರಷ್ಟೇ ಹೆದರಿಕೆಯಂತೆ, ನಾಲ್ಕು ಕಾಲಾದರೆ ಎಷ್ಟು ದೊಡ್ಡದಾದರೂ ಪರವಾಗಿಲ್ಲವಂತೆ. ಹಾಗೆ ಇಡೀ ತರಗತಿಗೆ! ಸಂಜೆ ಅಡುಗೆಮನೆಯ ಮೇಜಿನ ಮೇಲೆ ಚೀಲಕ್ಕೊಂದು ಹೆಸರು ಬರೆದು ಸಾಲಾಗಿ ನಿಲ್ಲಿಸಿದಾಗ, ಬ್ರೋನಾ ಮೇಜಿನ ಸುತ್ತ ಕುಣಿದಳು. ಅಜ್ಜಿಯೂ ಕುಣಿದಳು.

ಹುಟ್ಟುಹಬ್ಬದ ದಿನ ನೋರೀನ್ ಟೋಪಿಯಿಲ್ಲದೆ, ಕೊಂಬಿಲ್ಲದೆ, ಬರಿಯ ನೀಲಿ ಫ್ರಾಕಿನಲ್ಲಿ ಬಾಗಿಲು ತೆರೆದಳು. ಹೊರಗೆ ನಿಂತಿದ್ದುದು ಒಂದು ಅಸ್ಥಿಪಂಜರ. ಅದರ ಹಿಂದೆ ತೋಳ. ಅದರ ಹಿಂದೆ ರಕ್ತ ಸುರಿಸುವ ಕೋರೆಹಲ್ಲು, ಕುಂಬಳಕಾಯಿ, ಮಾಟಗಾತಿ. ಮಕ್ಕಳನ್ನು ಬಿಡಲು ಬಂದ ತಾಯಂದಿರ ತಲೆಯಲ್ಲೂ ಕೊಂಬು, ಬೆನ್ನಲ್ಲೂ ರೆಕ್ಕೆ.

ಉನಾ ಅಮ್ಮನನ್ನು ಅಡುಗೆಮನೆಗೆ ಎಳೆದೊಯ್ದಳು. "ವೇಷ ಬೇಡ ಅಂತ ಕಾರ್ಡಲ್ಲಿ ಬರೀಲಿಲ್ವಾ?"

"ಬಲೂನ್ ಚಿತ್ರ ಇತ್ತಲ್ಲೇ! ಸಾದಾ ಪಾರ್ಟಿ ಅಂತ ಅಷ್ಟೂ ಗೊತ್ತಾಗಲ್ವಾ ಜನಕ್ಕೆ?"

ಗೊತ್ತಾಗುವುದಾದರೂ ಹೇಗೆ? ಹೇಳಿಕೇಳಿ ಡೆರಿ. ಅಕ್ಟೋಬರಿನ ಕೊನೆಯ ವಾರ ಅಂಚೆಯವನೂ ರೆಕ್ಕೆ ಕಟ್ಟಿಕೊಂಡೇ ಕಾಗದ ಹಂಚುತ್ತಾನೆ. ಆ ವಾರ ಯಾರಾದರೂ ಪಾರ್ಟಿಗೆ ಕರೆದರೆ ವೇಷ ಹಾಕದೆ ಹೋಗಬೇಕೆಂದು ಈ ಊರಲ್ಲಿ ಯಾರಿಗೆ ಹೊಳೆದೀತು? ವೇಷ ಬೇಡ ಎಂದು ಬರೆಯಬೇಕೆಂದು ನೋರೀನಳಿಗೂ ಹೊಳೆದಿರಲಿಲ್ಲ.

ಬ್ರೋನಾ ಸೋಫಾದ ಹಿಂದೆ ಸೇರಿಕೊಂಡಳು. ಆಟ ನಡೆಯಿತು, ಬರಲಿಲ್ಲ. ಕೇಕ್ ಕತ್ತರಿಸಲು ಬಂದಳು, ಮೇಣದಬತ್ತಿ ಊದಿ ಆರಿಸಿದಳು, ಮತ್ತೆ ಹಿಂದಕ್ಕೆ. ಮಕ್ಕಳು ಏನಾದರೂ ಕೇಳಿದರೆ ನೋರೀನಳೇ ಉತ್ತರ. "ಬ್ರೋನಾಗೆ ತುಂಬಾ ಖುಷಿಯಾಗಿದೆ ಕಣಪ್ಪಾ!" "ಬ್ರೋನಾ ಆಮೇಲ್ ಆಡ್ತಾಳೆ ಪುಟ್ಟಾ!" ಉನಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕಣ್ಣು ತುಂಬಿಕೊಂಡಿದ್ದನ್ನು ನೋರೀನ್ ಕಂಡಳು. ಪಾರ್ಟಿ ಮುಗಿಯುತ್ತಾ ಬಂದಿತ್ತು, ಮಗು ಒಂದು ಮಾತನ್ನೂ ಆಡಿರಲಿಲ್ಲ.

ತಾಯಂದಿರು ಕರೆದೊಯ್ಯಲು ಬಂದರು. ತಿನ್ನುವಾಗ ಮುಖವಾಡ ಮೇಲೆತ್ತಿದ್ದ ಮಕ್ಕಳು ಹಿತ್ತಲಿಗೆ ನುಗ್ಗಿ, ವೇಷ ಮುಖವಾಡ ಎಲ್ಲವನ್ನೂ ಅದಲುಬದಲು ಮಾಡಿಕೊಂಡು ಬಾಗಿಲ ಬಳಿ ಸಾಲಾಗಿ ನಿಂತವು, ಒಂದೊಂದೂ ಮುಸಿಮುಸಿ ನಗುತ್ತಾ. ಇಲ್ಲಿಯ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ: ಮುಸುಕಿನಲ್ಲಿರುವುದು ಯಾರೆಂದು ಮನೆಯವರೇ ಹೇಳಬೇಕು, ಅಲ್ಲಿಯವರೆಗೆ ಮುಸುಕಿನವರು ಹೆಸರು ಹೇಳುವ ಹಾಗಿಲ್ಲ. ಹೆತ್ತತಾಯಿಯೂ ಬಾಯಿ ಬಿಡುವ ಹಾಗಿಲ್ಲ.

ನೋರೀನ್ ಓರನ್‌ನ ಚೀಲ ಹಿಡಿದು ತೋಳದ ಮುಂದೆ ನಿಂತಳು. "ನೀನೇ ಓರನ್!"

"ಅಲ್ಲಾ!" ಮನೆ ಹಾರಿಹೋಗುವಂಥ ಕೂಗು.

"ಹಂಗಾದ್ರೆ ಕುಂಬಳಕಾಯಿ!"

"ಅಲ್ಲಾ!"

"ಸೋತ್ರಿ ನೋರೀನ್, ಸೋತ್ರಿ!" ಎಂದು ತಾಯಂದಿರು ಚಪ್ಪಾಳೆ ತಟ್ಟಿದರು. ಚೀಲಕ್ಕೊಂದು ಹೆಸರು ಬರೆದಾಗಿದೆ, ಒಂದರದು ಇನ್ನೊಂದಕ್ಕೆ ಹೋದರೆ ಕೆಲಸ ಕೆಟ್ಟಿತು. ನೋರೀನ್ ಮತ್ತೊಮ್ಮೆ ಸಾಲಿನುದ್ದಕ್ಕೂ ಕಣ್ಣಾಡಿಸಿದಳು.

ಆಗ ಅವಳ ಫ್ರಾಕಿನ ಅಂಚನ್ನು ಯಾರೋ ಜಗ್ಗಿದರು. ಬ್ರೋನಾ. ಯಾವಾಗ ಸೋಫಾ ಬಿಟ್ಟು ಬಂದಳೋ!

"ಅಜ್ಜಿ," ಎಂದಳು ಪಿಸುದನಿಯಲ್ಲಿ, "ಓರನ್ ಆ ಮಾಟಗಾತಿ. ಒಂದೇ ಕಾಲ್ ಮೇಲೆ ನಿಂತಿದಾನೆ ನೋಡು. ಅವನು ಯಾವಾಗ್ಲೂ ಹಂಗೇ ನಿಲ್ಲೋದು."

ನೋರೀನ್ ಬಾಯಿ ತೆರೆದಳು. ಹೆಸರು ನಾಲಗೆಯ ತುದಿಯಲ್ಲೇ ಇತ್ತು. ಕೂಗಿದ್ದರೆ ಎಲ್ಲರೂ ಭೇಷ್ ಅನ್ನುತ್ತಿದ್ದರು, ಅಜ್ಜಿಗೇ ಭೇಷ್ ಅನ್ನುತ್ತಿದ್ದರು. ಅದು ಹೊಳೆದದ್ದೇ ತಡ, ಹಲ್ಲು ಕಚ್ಚಿ ಹೆಸರನ್ನು ನುಂಗಿದಳು. ಅಷ್ಟು ಕಷ್ಟ ಅವಳಿಗೆ ಹೆರಿಗೆಯಲ್ಲೂ ಆಗಿರಲಿಲ್ಲ.

"ಕೇಳಿಸ್ಲಿಲ್ಲ ಕಂದಾ" ಎಂದಳು.

"ಓರನ್, ಆ ಮಾಟಗಾತಿ" ಎಂದಳು ಬ್ರೋನಾ ಕೊಂಚ ಜೋರಾಗಿ. ನೋರೀನ್ ಕಿವಿಗೆ ಕೈಯಿಟ್ಟು ತಲೆಯಾಡಿಸಿದಳು.

"ಏ, ನಂಗ್ ಕೇಳಿಸ್ತು, ಅವಳು ಹೇಳಿದ್ದು..." ಎಂದು ಡಿಂಪ್ನಾ ಶುರುಮಾಡಿದಳು. ನೋರೀನ್ ಅವಳ ಕಾಲನ್ನು ಬಲವಾಗಿ ತುಳಿದಳು.

ಬ್ರೋನಾ ಅಜ್ಜಿಯ ಮುಖವನ್ನೊಮ್ಮೆ ನೋಡಿ, ಅವಳ ಕೈಯಿಂದ ಹಳದಿ ಚೀಲವನ್ನು ತಾನೇ ತೆಗೆದುಕೊಂಡಳು. ಸಾಲಿನ ಮುಂದೆ ನಡೆದು ಹೋಗಿ ಮಾಟಗಾತಿಯ ಎದುರು ನಿಂತಳು.

"ಓರನ್" ಎಂದಳು. ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿಸಿತು. "ಇದ್ರಲ್ಲಿ ಜೇಡ ಇಲ್ಲ."

ಮುಖವಾಡ ಮೇಲಕ್ಕೆ ಹೋಯಿತು. ಓರನ್‌ನೇ! ಎಂಥ ಗದ್ದಲವೆದ್ದಿತೆಂದರೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. "ನನ್ನ! ನನ್ನ! ನಾನ್ಯಾರು ಹೇಳು ಬ್ರೋನಾ!" ಎಂದು ಸಾಲೆಲ್ಲ ಚೆಲ್ಲಾಪಿಲ್ಲಿಯಾಗಿ ಅವಳ ಮೇಲೆ ಮುಗಿಬಿತ್ತು. ತೋಳ ಕಾಹಿರ್, ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಸಿಕ್ಕಿಬಿದ್ದ. ಕುಂಬಳಕಾಯಿ ಏವಾ. ಕೋರೆಹಲ್ಲಿನ ಮುಂದೆ ಬ್ರೋನಾ ತುಸು ತಡೆದಳು.

"ಫಿಯಾ. ನಿನ್ ಹಲ್ಲು ಅಲ್ಲಾಡ್ತಿದ್ಯಲ್ಲ, ಅದ್ಕೆ ಮೆತ್ತಗಿರೋದು ಹಾಕಿದೀನಿ."

"ನಿಂಗ್ ಹೆಂಗ್ ಗೊತ್ತಾಯ್ತು?" ಫಿಯಾಳ ಕಣ್ಣು ಬಾಯಿ ಎಲ್ಲ ದೊಡ್ಡದಾಗಿತ್ತು.

"ನಾನ್ ನಿಮ್ಮನ್ನೆಲ್ಲ ನೋಡ್ತಿರ್ತೀನಿ."

"ನನ್ ಪಕ್ಕದಲ್ಲೇ ಕೂತ್ಕೊಂಡ್ ನೋಡು, ಇನ್ನೂ ಚೆನ್ನಾಗ್ ಕಾಣತ್ತೆ" ಎಂದಳು ಫಿಯಾ.

ಉನಾ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡಳು. ನೋರೀನ್ ಎರಡೂ ಅಂಗೈಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮಾತು ಒಳಗೇ ಕುದಿಯುತ್ತಿತ್ತು, ಕಣ್ಣಲ್ಲಿ ನೀರು ಹರಿಯುತ್ತಿತ್ತು, ನಗುವೂ ಬರುತ್ತಿತ್ತು.

"ಏನಾಯ್ತೇ ನಿಂಗೆ? ಲಕ್ವ ಗಿಕ್ವ ಹೊಡೀತಾ?" ಎಂದು ಡಿಂಪ್ನಾ ಗಾಬರಿಯಿಂದ ಕೇಳಿದಳು. ನೋರೀನ್ ಬಾಯಿಂದ ಕೈ ತೆಗೆಯದೆ ತಲೆಯಾಡಿಸಿದಳು.

ಮಕ್ಕಳು ಚೀಲ ಹಿಡಿದು ಮೆಟ್ಟಿಲಿಳಿದವು. ಬೀದಿ ದೀಪದ ಕೆಳಗೆ ಏನೋ ಗುಸುಗುಸು, ಮತ್ತೆ ಮುಖವಾಡಗಳ ಎಳೆದಾಟ. ತಾಯಂದಿರು ಬೈಯುವುದೂ ಕೇಳಿಸಿತು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ನೋರೀನ್ ರೂಢಿಯಂತೆ ಬಾಗಿಲಿಗೆ ಓಡಿ, ಚಿಲಕದ ಮೇಲೆ ಕೈಯಿಟ್ಟು, "ಯಾರಪ್ಪಾ ಅದು..." ಎಂದು ಶುರುಮಾಡುವಷ್ಟರಲ್ಲಿ ಬ್ರೋನಾ ಅವಳ ತೋಳಿನ ಕೆಳಗೆ ನುಸುಳಿ ಮುಂದೆ ಬಂದಳು.

"ಅಜ್ಜೀ, ನೀನ್ ಸುಮ್ನಿರು. ನನ್ನ ಕೇಳೋಕೆ ಬಂದಿರೋದು."

ನೋರೀನ್ ಬಾಗಿಲು ತೆರೆದು, ಒಂದು ಪಕ್ಕಕ್ಕೆ ಸರಿದು ನಿಂತಳು.