ಬೀಜಕ್ಕೆ ಬಿಟ್ಟ ಬದನೆ

ಧಡ್ ಎಂದು ತಗಡಿನ ಮೇಲೆ ಮಂಗ ಹಾರಿದ ಸದ್ದು ಕೇಳಿದರೆ ಆ ದಿನಗಳಲ್ಲಿ ನನ್ನ ಜೀವವೇ ಹಾರುತ್ತಿತ್ತು. ಇಂಡಿ ಊರಿನ ನಮ್ಮ ಮನೆಯ ಟೆರೇಸಿನ ಕುಂಡದಲ್ಲಿ ಇದ್ದದ್ದು ಒಂದೇ ಒಂದು ಬದನೆಕಾಯಿ. ಅದರ ಸಸಿಯನ್ನು ತಾಂಬಾದ ತನ್ನ ತವರಿನಿಂದ ತಂದುಕೊಟ್ಟವಳು ಪಕ್ಕದ ಮನೆಯ ಗೆಳತಿ. ಕೀಮೋ ಶುರುವಾದ ಮೇಲೆ ಅವಳ ಅಪೆಟೈಟೇ ಹೋಗಿತ್ತು. "ನಿಮ್ಮ ಕುಂಡದ ಬದ್ನಿಕಾಯಿ ಎಣಗಾಯಿ ಮಾಡ್ರಿ ಅಕ್ಕೋರ, ಅದನ್ನರ ತಿಂತೇನಿ" ಎಂದಿದ್ದಳು.

ಕಾನ್ವೆಂಟಿನಲ್ಲಿ ಕಲಿತು, ಕಾಲೇಜಿನಲ್ಲಿ ಬಾಟನಿ ಓದಿ ಟೀಚರ್ ಆಗಿದ್ದರೂ ಕಾಯಿ ಯಾವಾಗ ಕೊಯ್ಯಬೇಕೆಂದು ನನಗೆ ಗೊತ್ತಿರಲಿಲ್ಲ. ಮಂಗನಿಗೆ ಕಾಣದಂತೆ ಗಿಡಕ್ಕೆ ಹಳೆಯ ಸೀರೆ ಸುತ್ತಿ, ಅವಳಿಗೆ ಎರಡು ತುತ್ತು ಹೆಚ್ಚಾಗಲಿ ಎಂದು ಕಾಯಿ ಇನ್ನೂ ದೊಡ್ಡದಾಗುವುದನ್ನು ಕಾದೆ. ಅವಳು ಮತ್ತೆ ಸೋಲಾಪುರದ ಆಸ್ಪತ್ರೆಗೆ ಹೊರಡುವ ದಿನ ಕೊಯ್ದರೆ, ಕಾಯಿ ಹಳದಿಗೆ ತಿರುಗಿತ್ತು, ಒಳಗೆಲ್ಲ ಬೀಜ. ಆದರೂ ಗುರೆಳ್ಳು, ಶೇಂಗಾ ಪುಡಿ ತುಂಬಿ ಎಣಗಾಯಿ ಮಾಡಿ ಒಯ್ದೆ.

ನೋಡಿದವಳೇ ನಕ್ಕಳು. "ಇದನ್ನ ಬೀಜಕ್ಕ ಬಿಟ್ಟಿದ್ರೇನ್ರಿ? ಅಷ್ಟ್ ಇಂಗ್ಲಿಷ್ ಕಲ್ತು ಒಂದ್ ಬದ್ನಿಕಾಯಿ ಹರಿಯಾಕ ಬರಲಿಲ್ಲ!"

"ಸಾರಿ, ನಮ್ಮವ್ವಾ. ತಿನಬ್ಯಾಡ, ಕಹಿ ಇರತೈತಿ."

"ಸುಮ್ ಕುಂದರ್ರಿ."

ಸಜ್ಜೆ ರೊಟ್ಟಿಯ ಚೂರಿನಲ್ಲಿ ಮಸಾಲೆಯನ್ನಷ್ಟೇ ಬಳಿದು ಬಾಯಿಗಿಟ್ಟಳು. ವಾಂತಿಯಾದೀತೆಂದು ನಾನು ಬೌಲ್ ಹಿಡಿದು ನಿಂತೆ. ಅವಳು ನಿಧಾನವಾಗಿ ನುಂಗಿದಳು, ಇನ್ನೊಂದು ಚೂರು ಮುರಿದುಕೊಂಡಳು. ಹೊರಗೆ ಕಾರು ಹಾರ್ನ್ ಹೊಡೆಯಿತು. ರೊಟ್ಟಿ ಅಗಿಯುತ್ತಲೇ ಎದ್ದು ಹೋದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.