ಮುಚ್ಚಳದ ಇನ್‌ಸ್ಪೆಕ್ಟರು

ಪಕ್ಕದ ಮನೆಯಾಕೆಯ ಕಣ್ಣೆದುರಿಗೇ ಹೊಸ ಯಂತ್ರ ಯಜಮಾನರ ಟೈ ನುಂಗಿತು. ಚೀಲದೊಳಗಿನ ಗಾಳಿಯನ್ನೆಲ್ಲ ಎಳೆದು, ಬಾಯಿಗೆ ಬಿಸಿ ಅಂಟು ಹಾಕುವ ಯಂತ್ರವದು. ಅರ್ಧ ಕಿಲೋ ಬಟಾಣಿ ತುಂಬಿದ ಚೀಲವನ್ನು ಅದರ ಬಾಯಿಗಿಟ್ಟು, "ಗಮನಿಸಿ, ಒಳಗೆ ಒಂದು ಉಸಿರಿನಷ್ಟೂ..." ಎಂದು ಬಗ್ಗಿದವರು ಮತ್ತೆ ಏಳಲಾಗಲಿಲ್ಲ. ಯಂತ್ರ ನಿರ್ವಾತದ್ದು, ಯಜಮಾನರು ವಾತದವರು, ಸೊಂಟವೂ ಹಿಡಿದುಕೊಂಡಿತು. ಹೆಂಡತಿ ಕತ್ತರಿ ತಂದು ಟೈ ಕತ್ತರಿಸಿ ಬಿಡಿಸಿದಳು.

"ಬಟಾಣಿ ಆಫೀಸಿಗೆ ಹೊರಟ ಹಾಗಿದೆ, ಅಕ್ಕಾ," ಎಂದಳು ಪಕ್ಕದ ಮನೆಯಾಕೆ, ಟೈ ತುಂಡು ಅಂಟಿಕೊಂಡ ಚೀಲ ಎತ್ತಿ ನೋಡುತ್ತ.

ಯಜಮಾನರು ಲಿಫ್ಟ್ ಇನ್‌ಸ್ಪೆಕ್ಟರಾಗಿದ್ದವರು. ಮೂವತ್ತೊಂದು ವರ್ಷ ಊರಿನ ಲಿಫ್ಟುಗಳಲ್ಲಿ ಹತ್ತಿ ಇಳಿದರೂ ಬುದ್ಧಿ ಮಾತ್ರ ಹತ್ತಿದ ಮಹಡಿಯಲ್ಲೇ ನಿಂತಿತ್ತು. ನಿವೃತ್ತಿಯಾದ ಮೇಲೆ ಪರೀಕ್ಷಿಸಲು ಲಿಫ್ಟು ಸಿಗದೆ ಮನೆಯನ್ನು ಹಿಡಿದರು. ಬಾಗಿಲ ಚಿಲಕ, ಇಸ್ತ್ರಿಪೆಟ್ಟಿಗೆಯ ವೈರು, ಒಮ್ಮೆ ಬಂದು ಹೋದ ಬೀಗತಿಯ ಕಟ್ಟುಹಲ್ಲು, ಎಲ್ಲಕ್ಕೂ ಮೂರು ಸಲ ಪರೀಕ್ಷೆ. ಆಮೇಲೆ ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಟಿಕ್ಕು. ಆ ಮನೆಯಲ್ಲಿ ಟಿಕ್ಕು ಬೀಳದೆ ಉಳಿದದ್ದು ಹೆಂಡತಿಯೊಬ್ಬಳೇ. ಅವಳ ಪರೀಕ್ಷೆ ಮದುವೆಯ ದಿನದಿಂದ ಬಾಕಿಯೇ ಇತ್ತು.

ಆ ವರ್ಷ ಅವಳಿಗೊಂದು ಆಸೆ ಹುಟ್ಟಿತು. ಹಿತ್ತಲಲ್ಲಿ ಅವಳೇ ಬೆಳೆದ ಟೊಮೇಟೊ ಗಿಡ ಮುರಿದು ಬೀಳುವಷ್ಟು ಬಿಟ್ಟಿತ್ತು. ಮೂಲೆ ಅಂಗಡಿಯಾಕೆ ಅವಳ ಸಾಸಿನ ರುಚಿ ನೋಡಿ, ಖಾಲಿ ಬಿದ್ದ ಒಂದು ಹಲಗೆ ತೋರಿಸಿದ್ದಳು: "ಮುಂದಿನ ವಾರ ಶನಿವಾರ ಹನ್ನೊಂದರೊಳಗೆ ಇಪ್ಪತ್ತು ಬಾಟಲಿ ತಂದಿಡಿ, ಈ ಜಾಗ ನಿಮ್ದೇ. ಮುಚ್ಚಳ ಬಿಗಿಯಾಗಿರಬೇಕು ಅಷ್ಟೆ. ತರದಿದ್ರೆ ಮೇಣದಬತ್ತಿಯವನು ಕಾಯ್ತಿದಾನೆ." ಅಂಗಡಿಯಲ್ಲಿ ಮೂರಡಿ ಹಲಗೆ, ಅದರ ಮೇಲೆ ತನ್ನ ಕೈಬರಹದ ಚೀಟಿ. ಅವಳು ಮನೆಗೆ ನಡೆಯಲಿಲ್ಲ, ತೇಲಿ ಬಂದಳು.

ವಿಷಯ ತಿಳಿದ ಇನ್‌ಸ್ಪೆಕ್ಟರು ಹೊಸ ರಿಜಿಸ್ಟರು ತೆರೆದರು.

"ರೀ, ನನಗೆ ಯಂತ್ರ ಬೇಡ. ದೊಡ್ಡ ಪಾತ್ರೆ ಸಾಕು."

"ಪಾತ್ರೆ! ವಿಜ್ಞಾನ ಎಲ್ಲಿಗೆ ಹೋಗಿದೆ, ನೀನಿನ್ನೂ ಪಾತ್ರೆ ಹಿಡ್ಕೊಂಡು ಕೂತಿದೀಯಲ್ಲ."

ಮೊದಲು ತರಿಸಿದ ಗಾಳಿ ಎಳೆಯುವ ಯಂತ್ರದ ಕತೆ ಟೈಗೆ ಮುಗಿಯಿತು. ಬಳಿಕ ಒಣಗಿಸುವ ಪೆಟ್ಟಿಗೆ ಬಂತು. ಒಣಗಿದ್ದನ್ನು ಬಾಟಲಿಗೆ ಹೇಗೆ ಸುರಿಯುವುದೆಂದು ಅವಳು ಕೇಳಿದಾಗ ಅದು ವಾಪಸು ಹೋಯಿತು. ಆಮೇಲೆ ಗಡಿಯಾರದಂಥ ಮುಳ್ಳಿರುವ ಒತ್ತಡದ ಪಾತ್ರೆ. ಅದರ ಮುಳ್ಳು ಸರಿಯೇ ಎಂದು ನೋಡಲು ಇನ್ನೊಂದು ಮುಳ್ಳು ಬೇಕಂತೆ. ಅದಕ್ಕೆ ಪತ್ರ ಬರೆದರು. ಯಂತ್ರಕ್ಕೆ ಗಾಳಿ ಎಳೆಯುವ ಕೆಲಸವಾದರೆ ಇವರಿಗೆ ಕಾಲ ಎಳೆಯುವ ಕೆಲಸ. ಇತ್ತ ವರಾಂಡದ ಬುಟ್ಟಿಗಳಲ್ಲಿ ಟೊಮೇಟೊ ಮೆತ್ತಗಾಗುತ್ತ, ನೊಣಗಳಿಗೆ ಕರೆ ಕಳಿಸುತ್ತಿತ್ತು.

ಗುರುವಾರ ಇನ್‌ಸ್ಪೆಕ್ಟರು ಅಂಚೆ ಕಚೇರಿಗೆ ಹೋದದ್ದೇ ತಡ, ಅವಳು ಸೆರಗು ಸಿಕ್ಕಿಸಿ ದೊಡ್ಡ ಪಾತ್ರೆ ಇಳಿಸಿದಳು. ಕೊಳೆತದ್ದನ್ನು ಆರಿಸಿ ಎಸೆದು, ಉಳಿದದ್ದನ್ನು ಬೇಯಿಸಿ, ಸೋಸಿ, ಪ್ರತಿ ಬಾಟಲಿಗೂ ನಿಂಬೆರಸ ಬೆರೆಸಿ ತುಂಬಿದಳು. ಬಾಟಲಿಗಳು ಡಿಕ್ಕಿ ಹೊಡೆಯದಂತೆ ಪಾತ್ರೆಯ ತಳಕ್ಕೆ ಹಳೇ ಟವೆಲು ಮಡಿಸಿ ಹಾಸಿ, ಅವು ಮುಳುಗುವಷ್ಟು ನೀರು ಹೊಯ್ದು, ನಾಲ್ಕು ಸರದಿಯಲ್ಲಿ ಕುದಿಸಿದಳು. ಆರುತ್ತ ಬಂದ ಹಾಗೆ ಮುಚ್ಚಳಗಳ ನಡು ಒಂದೊಂದಾಗಿ 'ಟಪ್' ಎಂದು ಒಳಗೆ ತಗ್ಗಿ ಬಿಗಿಯಾಯಿತು. ಅವಳು ಒಲೆಯ ಪಕ್ಕ ಕುಳಿತು ಎಣಿಸಿದಳು. ಇಪ್ಪತ್ತು ಟಪ್. ಬೆರಳಿನಿಂದ ಒತ್ತಿ ನೋಡಿದಳು, ಒಂದೂ ಅಲುಗಲಿಲ್ಲ.

ಇನ್‌ಸ್ಪೆಕ್ಟರು ಬಂದು ನೋಡಿ ಮೂಗು ಮುರಿದರು. "ಇದನ್ನ ಯಾರು ಪಾಸು ಮಾಡಿದ್ದು?"

"ನನ್ನ ಬೆರಳು."

"ಬೆರಳಿಗೆ ಸರ್ಟಿಫಿಕೇಟ್ ಇದೆಯೇನು?"

ಅವಳು ಶುಕ್ರವಾರವಿಡೀ ಕೂತು ಚೀಟಿ ಬರೆದು ಅಂಟಿಸಿದಳು.

ಶನಿವಾರ ಹತ್ತು ಗಂಟೆಗೆ ಪಕ್ಕದ ಮನೆಯಾಕೆಯ ತಳ್ಳುಗಾಡಿ ಕೇಳಿಕೊಂಡು ಬರಲು ಹೋದಳು. ಇಬ್ಬರೂ ನಗುತ್ತ ಗಾಡಿ ತಳ್ಳಿಕೊಂಡು ಒಳಬಂದರೆ, ಊಟದ ಮೇಜಿನ ಮೇಲೆ ಇಪ್ಪತ್ತು ಬಾಟಲಿ ಬಾಯಿ ತೆರೆದು ನಿಂತಿದ್ದವು. ಪಕ್ಕದಲ್ಲಿ ಮುಚ್ಚಳಗಳು, ಹತ್ತತ್ತರ ಎರಡು ಸಾಲು, ಗೆರೆ ಎಳೆದಂತೆ. ಇನ್‌ಸ್ಪೆಕ್ಟರು ಮುಚ್ಚಳ ಎಬ್ಬಿಸಿದ ಚಮಚದ ಹಿಡಿಯನ್ನು ಒರೆಸುತ್ತಿದ್ದರು.

"ಏನ್ರೀ ಇದು?"

"ಪರೀಕ್ಷೆ. ಬಿಗಿಯಾಗಿ ಕೂತಿದೆಯೋ ಇಲ್ವೋ ಅಂತ ಹೊರಗಿಂದ ನೋಡಿದ್ರೆ ಗೊತ್ತಾಗುತ್ತಾ? ತೆಗೆದೇ ನೋಡ್ಬೇಕು. ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ನನ್ನ ಹೆಸರು ಹೋಗುತ್ತೆ."

"ಅಯ್ಯೋ ಅಣ್ಣಾ, ತೆಗೆದ ಮೇಲೆ ಮುಚ್ಚಿದ್ದು ಅಂತ ಯಾರು ತಗೋತಾರೆ?" ಪಕ್ಕದ ಮನೆಯಾಕೆ ಹಣೆ ಚಚ್ಚಿಕೊಂಡಳು. "ಈಗ ಮತ್ತೆ ಕುದಿಸೋಕೆ ಟೈಮೆಲ್ಲಿದೆ?"

ಗೋಡೆಯ ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಹೆಂಡತಿ ಕುರ್ಚಿ ಎಳೆದು ಕುಳಿತಳು. ಬಾಟಲಿಗಳ ಮೇಲಿನ ತನ್ನ ಕೈಬರಹವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಓದಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು:

"ಇಪ್ಪತ್ತರಲ್ಲಿ ಸರಿಯಾಗಿ ಕೂತಿದ್ದ ಮುಚ್ಚಳ ಎಷ್ಟು?"

ಇನ್‌ಸ್ಪೆಕ್ಟರು ಕನ್ನಡಕ ಏರಿಸಿ ರಿಜಿಸ್ಟರಿನ ಕೆಂಪು ಟಿಕ್ಕುಗಳ ಮೇಲೆ ಬೆರಳಾಡಿಸಿದರು.

"ಇಪ್ಪತ್ತೂ," ಎಂದರು. "ಒಂದೂ ಫೇಲಿಲ್ಲ."